ಹತ್ತು ನಿಮಿಷ ಮುಂದಿರುವ ದೇಶ

ರಕ್ಸೌಲ್

ಆ ಮಾಘಮಾಸದ ಮುಂಜಾನೆ ಬಿಹಾರದ ಕೊನೆಯ ಸ್ಟೇಶನ್ನಿನ ಹೊರಗೆ ಒಂದೇ ಟಾಂಗಾದಲ್ಲಿ ನಾವು ನಾಲ್ಕು ಜನ ಕೂತಿದ್ದೆವು. ಮುಂದೆ, ಟಾಂಗಾದವನ ಪಕ್ಕದಲ್ಲಿ, ನನ್ನ ಸೋದರಮಾವ ಸವಣೂರಿನ ವೆಂಕಣ್ಣಾಚಾರ್ಯರು. ಎಪ್ಪತ್ತೆರಡು ವಯಸ್ಸು, ಮೈಮೇಲೆ ಮೂರು ಶಾಲು. ಕುದುರೆಯ ಬಾಲ ತಮ್ಮ ಮಡಿಗೆ ತಾಗದ ಹಾಗೆ ಎರಡೂ ಕಾಲು ಮೇಲೆತ್ತಿ ಹಿಡಿದಿದ್ದರು. ಹಿಂದೆ ನನ್ನ ಅಕ್ಕ ಸುಭದ್ರಾ, ಹಿರೇಕೆರೂರಿಗೆ ಕೊಟ್ಟವಳು, ತೊಡೆಯ ಮೇಲೆ ಸೀಮೆಎಣ್ಣೆಯ ಸ್ಟೋವು ಇಟ್ಟುಕೊಂಡು. ಅವಳೆದುರು ಶಿಗ್ಗಾಂವಿಯ ಕಾಳಿನ ವ್ಯಾಪಾರಿ ರುದ್ರಪ್ಪ ಶೆಟ್ಟರು. ನಾಲ್ಕನೆಯವನು ನಾನು, ರಾಘು, ಹಾನಗಲ್ಲಿನ ಹೈಸ್ಕೂಲಿನ ಗಣಿತದ ಮಾಸ್ತರ.

ನೇಪಾಳಕ್ಕೆ ಯಾಕೆ ಹೊರಟಿರಿ ಎಂದು ಯಾರಾದರೂ ಕೇಳಿದರೆ ಎಲ್ಲರ ಹತ್ತಿರವೂ ಪವಿತ್ರವಾದ ಉತ್ತರವಿತ್ತು. ಮಾವನಿಗೆ ಗಂಡಕಿಯ ಸಾಲಿಗ್ರಾಮ ಬೇಕಿತ್ತು. ಶೆಟ್ಟರಿಗೆ ಪಶುಪತಿಯ ದರ್ಶನ. ಅಕ್ಕನಿಗೆ, ಮಾವ ಪರರ ಕೈಯ ನೀರು ಸಹ ಮುಟ್ಟುವುದಿಲ್ಲವಾದ್ದರಿಂದ, ಅವರ ಅಡುಗೆಯೇ ಯಾತ್ರೆ. ನಾನು ಮುದುಕರನ್ನು ಕೈಹಿಡಿದು ನಡೆಸುವ ಸತ್ಪುತ್ರ. ನಿಜ ಹೇಳುವುದಾದರೆ ನಾನು ಮತ್ತು ಶೆಟ್ಟರು ಹೋಗುತ್ತಿದ್ದದ್ದು ಗಡಿಯಾರಕ್ಕೆ. ಆಗ ನಮ್ಮ ಕಡೆಯಿಂದ ಪಶುಪತಿನಾಥನ ದರ್ಶನಕ್ಕೆ ಹೋದವರಲ್ಲಿ ಬರಿಗೈಯಲ್ಲಿ ತಿರುಗಿ ಬಂದವನನ್ನು ನಾನು ಕಂಡಿಲ್ಲ. ಪ್ರಸಾದದ ಪೊಟ್ಟಣದ ಕೆಳಗೆ ಒಂದು ಜಪಾನಿ ಸಾಮಾನು ಇದ್ದೇ ಇರುತ್ತಿತ್ತು.

ನನ್ನ ಹತ್ತಿರ ಇಪ್ಪತ್ತಮೂರು ಗಡಿಯಾರಗಳಿದ್ದವು. ಎಲ್ಲವೂ ಹಳೆಯವು, ಕೀಲಿ ಕೊಡುವಂಥವು. ಹೆಚ್ಚಿನವು ಸವಣೂರಿನ ಹಳೆಯ ಮನೆತನಗಳಿಂದ ಬಂದವು. ನವಾಬರ ಕಾಲ ಮುಗಿದ ಮೇಲೆ ಆ ಮನೆಗಳಿಂದ ಮೊದಲು ಬೆಳ್ಳಿ ಹೊರಬಿತ್ತು, ಆಮೇಲೆ ತೂಗುದೀಪದ ಝೂಮರಗಳು, ಕೊನೆಗೆ ಕಿಸೆಗಡಿಯಾರಗಳು. ಕೊನೆಯದಕ್ಕೆ ಕಾದು ಕೂತವನು ನಾನು. ದಿನಾ ಸ್ನಾನವಾದ ಮೇಲೆ ಸಾಲಾಗಿ ಎಲ್ಲಕ್ಕೂ ಕೀಲಿ ಕೊಡುತ್ತಿದ್ದೆ. ನನ್ನ ಹೆಂಡತಿ ಬಂದವರೆದುರಿಗೆ ಹೇಳುತ್ತಿದ್ದಳು: "ಮಂದಿ ಮನ್ಯಾಗ ಒಂದ ದೇವ್ರಿಗೆ ಪೂಜಿ. ನಮ್ಮಲ್ಲಿ ಇಪ್ಪತ್ತಮೂರಕ್ಕ. ಒಂದರ ವರ ಕೊಟ್ಟದ್ದಿಲ್ಲ."

ಶೆಟ್ಟರು ಇದಕ್ಕೆ ತದ್ವಿರುದ್ಧ. ಹೊಸ ನಮೂನೆ ಬಂದ ದಿನವೇ ಹಳೆಯದನ್ನು ಕಳಚಿ ಯಾರಿಗಾದರೂ ಕೊಟ್ಟುಬಿಡುವವರು. ಈ ಪ್ರವಾಸಕ್ಕೂ ಮಣಿಕಟ್ಟಿನಲ್ಲಿ ಬಿಳಿಯ ಪಟ್ಟೆಯೊಂದನ್ನು ಬಿಟ್ಟರೆ ಏನೂ ಇಲ್ಲದೆ ಹೊರಟಿದ್ದರು. ಹಾನಗಲ್ಲಿನ ಬಸ್ಸಿಗಾಗಿ ಅವರ ಅಂಗಡಿಯಲ್ಲಿ ಕಾಯುತ್ತಾ ಹತ್ತು ವರ್ಷದಿಂದ ನಾನು ಅವರೊಡನೆ ಒಂದೇ ಜಗಳ ಆಡುತ್ತ ಬಂದಿದ್ದೆ. ಟಾಂಗಾದಲ್ಲೂ ಅದೇ ಶುರುವಾಯಿತು.

"ಹಳೇದಾದಷ್ಟು ರುಚಿ ಬರಾಕ ಅದೇನ ಉಪ್ಪಿನಕಾಯಿ ಏನ್ರಿ ಮಾಸ್ತರ್ರ? ಗಡಿಯಾರ ಅಂದ್ರ ಟೈಮ್ ಹೇಳಬೇಕ್ರಿ. ನಿಮ್ಮವು ಬರೇ ಇತಿಹಾಸ ಹೇಳ್ತಾವು."

"ನಿಮ್ಮ ಹೊಸಾವು ಸೆಲ್ ಮುಗಿದ ದಿನಾ ಏನ ಹೇಳ್ತಾವ ಶೆಟ್ರ?"

"ಸೆಲ್ ಹಾಕ್ರಿ ಅಂತ ಹೇಳ್ತಾವು!"

ಬರುವಾಗ ಒಬ್ಬರಿಗೆ ಒಂದು ಗಡಿಯಾರ ತರಲು ಮಾತ್ರ ಬಿಡುತ್ತಾರೆ ಎಂದು ಕೇಳಿದ್ದೆವು. ಹಾಗಾಗಿ ನನ್ನ ಇಪ್ಪತ್ತನಾಲ್ಕನೆಯದು ಯಾವುದು ಎಂಬ ಪ್ರಶ್ನೆ ಆರು ತಿಂಗಳಿಂದ ನನ್ನನ್ನು ಕೊರೆಯುತ್ತಿತ್ತು. ಕಾಠಮಂಡುವಿನ ಹಳೆಯ ಪೇಟೆಯಲ್ಲಿ ಹಿಂದೆ ದೇಶ ಆಳಿದ ರಾಣಾ ಮನೆತನದ ಅರಮನೆಗಳಿಂದ ಹೊರಬಿದ್ದ ಕಿಸೆಗಡಿಯಾರಗಳು ಸಿಗುತ್ತವಂತೆ. ಹೊಸ ಪೇಟೆಯಲ್ಲಿ ಮುಳ್ಳೇ ಇಲ್ಲದ, ಅಂಕಿ ತೋರಿಸುವ, ಬೇಕಾದ ಹೊತ್ತಿಗೆ ಹಾಡುವ ಡಿಜಿಟಲ್ಲುಗಳು. ಬಾಯಿಂದ ನಾನು ಹಳೆಯದರ ಪಕ್ಷ. ಒಳಗೆ ಮಾತ್ರ ಆ ಹಾಡುವ ಡಬ್ಬಿಯನ್ನು ಕಟ್ಟಿಕೊಂಡು ಸ್ಟಾಫ್ ರೂಮಿಗೆ ಹೋಗುವ ಕನಸು ಎರಡು ಸಲ ಬಿದ್ದಿತ್ತು. ಇದನ್ನು ಶೆಟ್ಟರಿಗೆ ಹೇಳಿರಲಿಲ್ಲ.

ಬೀರಗಂಜ್

ಗಡಿ ಎಂದರೆ ನಾನೇನೋ ದೊಡ್ಡದಾಗಿ ಭಾವಿಸಿದ್ದೆ. ಒಂದು ಹಳ್ಳ, ಒಂದು ಸೇತುವೆ, ಆಚೆ ಒಂದು ಚೌಕಿ. ನಮ್ಮ ಕಡೆಯ ಊರಸುಂಕದ ಆಕ್ಟ್ರಾಯ್ ನಾಕಾ ಇದಕ್ಕಿಂತ ಗಂಭೀರವಾಗಿರುತ್ತದೆ. ಒಳಗಿದ್ದ ನೇಪಾಳಿ ಸಾಹೇಬರು ಬಿಸಿಲಿಗೆ ಬೆನ್ನು ಕೊಟ್ಟು ಶೇಂಗಾ ತಿನ್ನುತ್ತಿದ್ದರು. ನಮ್ಮನ್ನು ನೋಡಿ ಒಂದು ಹಿಡಿ ನಮಗೂ ಕೊಟ್ಟರು. ಸರ್ಕಾರಿ ಮನುಷ್ಯ ತಾನು ತಿನ್ನುವುದರಲ್ಲಿ ಎದುರಿಗೆ ನಿಂತವನಿಗೆ ಪಾಲು ಕೊಟ್ಟದ್ದನ್ನು ಕಂಡು ಶೆಟ್ಟರು, "ಇದು ಖರೇನ ಪರದೇಶ ಬಿಡ್ರಿ" ಎಂದರು.

ಗೋಡೆಯ ಗಡಿಯಾರ ನನ್ನ ಗಡಿಯಾರಕ್ಕಿಂತ ಹತ್ತು ನಿಮಿಷ ಮುಂದಿತ್ತು. ಕೆಟ್ಟಿರಬೇಕು ಎಂದುಕೊಂಡೆ. ಸಾಹೇಬರು ನಕ್ಕರು. ಕೆಟ್ಟಿಲ್ಲವಂತೆ. ಅವರ ದೇಶದ ಸಮಯವೇ ನಮ್ಮದಕ್ಕಿಂತ ಹತ್ತು ನಿಮಿಷ ಮುಂದಂತೆ. ಈಗ ಕಾಲು ತಾಸು ಮುಂದಿದೆ, ಆಗ ಹತ್ತೇ ನಿಮಿಷ.

"ಒಂದು ಸೇತುವಿ ದಾಟಿದ್ದಕ್ಕ ಹತ್ತು ಮಿನಿಟ ವಯಸ್ಸಾತು" ಎಂದಳು ಅಕ್ಕ.

"ತಿರುವ್ರಿ ಮಾಸ್ತರ್ರ, ಮುಳ್ಳು ತಿರುವ್ರಿ. ಯಾವೂರಾಗ ಇರ್ತೇವಿ, ಆ ಊರ ಟೈಮ್" ಎಂದು ಶೆಟ್ಟರು ಗದ್ದಲ ಮಾಡಿದರು.

ನಾನು ತಿರುಗಿಸಲಿಲ್ಲ. ಕಿಸೆಯಲ್ಲಿದ್ದದ್ದು ನನ್ನ ಸಂಗ್ರಹದ ಹಿರಿಯ, ಸವಣೂರಿನ ಜಾಗೀರದಾರರೊಬ್ಬರ ಬೆಳ್ಳಿಯ ಗಡಿಯಾರ. ಅಂಥದ್ದು ಶೇಂಗಾ ಸಿಪ್ಪೆಯ ನಡುವೆ ನೇತಾಡುವ ಗೋಡೆ ಗಡಿಯಾರಕ್ಕೆ ಸಲಾಮು ಹೊಡೆಯಬೇಕೇ? ಹತ್ತು ನಿಮಿಷವನ್ನು ಮನಸ್ಸಿನಲ್ಲೇ ಕೂಡಿಸಿಕೊಂಡರೆ ಆಯಿತು. ನಾನು ಗಣಿತದ ಮಾಸ್ತರನಲ್ಲವೇ.

ಮಾವ ಮಾತ್ರ ಇದನ್ನು ನಗುವ ಮಾತೆಂದು ತೆಗೆದುಕೊಳ್ಳಲಿಲ್ಲ. ಗಂಟಿನಿಂದ ಪಂಚಾಂಗ ತೆಗೆದು, ಕನ್ನಡಕ ಏರಿಸಿ, ಒಂದು ಪುಟದ ಮೇಲೆ ಬೆರಳಿಟ್ಟರು. "ಹತ್ತು ಮಿನಿಟ. ನೆನಪಿಟ್ಟಿರ್ರಿ. ನನ್ನ ಪಾರಣಿಗೆ ಬೇಕಾಗ್ತಾವ."

ಏಕಾದಶಿ ಮಾಡುವ ಮನೆಯಲ್ಲಿ ಹುಟ್ಟದವರಿಗೆ ಇದನ್ನು ಹೇಳಬೇಕು. ಏಕಾದಶಿ ದಿನ ನೀರೂ ಮುಟ್ಟದ ಉಪವಾಸ. ಮರುದಿನ ದ್ವಾದಶಿ ತಿಥಿ ಮುಗಿಯುವುದರೊಳಗೆ ಉಪವಾಸ ಬಿಡಬೇಕು. ಅದು ಪಾರಣೆ. ಕೆಲವು ಸಲ ದ್ವಾದಶಿ ಸೂರ್ಯ ಹುಟ್ಟಿದ ಕೂಡಲೇ ಮುಗಿದುಬಿಡುತ್ತದೆ. ಆಗ ಕತ್ತಲಲ್ಲೇ ಎದ್ದು ಸ್ನಾನ, ಪೂಜೆ, ಅಡುಗೆ ಎಲ್ಲ ಮುಗಿಸಿ, ಸೂರ್ಯ ಮುಖ ತೋರಿಸುತ್ತಲೂ ತುತ್ತು ಬಾಯಿಗೆ ಹಾಕಬೇಕು. ತಪ್ಪಿದರೆ ಉಪವಾಸದ ಫಲ ಹೋಯಿತು. ಮಾವ ಹದಿನೆಂಟರ ವಯಸ್ಸಿನಲ್ಲಿ ಹಿಡಿದ ವ್ರತ, ಐವತ್ತನಾಲ್ಕು ವರ್ಷದಲ್ಲಿ ಒಂದೇ ಒಂದು ಪಾರಣೆ ತಪ್ಪಿರಲಿಲ್ಲ. ಮಗಳ ಮದುವೆಯ ದಿನ ತಪ್ಪಿಲ್ಲ. ವರದಾ ಹೊಳೆ ತುಂಬಿ ದಾಟಲಾಗದೆ ಯಾವುದೋ ಹಳ್ಳಿಯ ಗುಡಿಯಲ್ಲಿ ಕೂತ ದಿನವೂ ಎರಡು ನೆಲ್ಲಿಕಾಯಿ ತಿಂದು ಪಾರಣೆ ಮಾಡಿದ್ದರು. ಅವರಿಗೆ ಹೊಲವಿಲ್ಲ, ಮನೆ ಬಾಡಿಗೆಯದು. ಇದ್ದ ಆಸ್ತಿ ಇದೊಂದೇ. ಅದನ್ನು ಹೊತ್ತುಕೊಂಡು ಅವರು ಪರದೇಶಕ್ಕೆ ಬಂದಿದ್ದರು, ನಾವು ಜೊತೆಗಿದ್ದೇವೆಂದು ನಂಬಿ.

ಕಾಠಮಂಡು

ಊರು ಚೆಲುವಾಗಿತ್ತು. ಅದನ್ನು ಹೇಳಲು ಬೇರೆಯವರಿದ್ದಾರೆ. ನನಗೆ ನೆನಪಿರುವುದು ಚಳಿ, ಮತ್ತು ಅಲ್ಲಿಯ ಜನ ಚಳಿಯನ್ನು ಗಮನಿಸದೆ ಇದ್ದ ರೀತಿ. ನಾವು ಇದ್ದಬದ್ದ ಅರಿವೆ ಎಲ್ಲ ಮೈಮೇಲೆ ಹೇರಿಕೊಂಡು ಅರಳೆಯ ಅಂಡಿಗೆಗಳಂತೆ ಉರುಳುತ್ತಿದ್ದರೆ, ಅಲ್ಲಿಯ ಹೆಣ್ಣುಮಕ್ಕಳು ಬೀದಿಯ ನಲ್ಲಿಯ ಕೆಳಗೆ ತಲೆ ಇಟ್ಟು ಕೂದಲು ತೊಳೆಯುತ್ತ ಹಾಡುತ್ತಿದ್ದರು. ಹೋಗುವವನು ಬರುವವನು ಸಿಕ್ಕ ಗುಡಿಯ ಗಂಟೆಯನ್ನು ಒಂದು ಸಲ ಬಾರಿಸಿಯೇ ಮುಂದೆ ಹೋಗುವುದು. ಆ ಗುಡಿ ಶಿವನದೋ, ಬುದ್ಧನದೋ ಎಂದು ಯಾರೂ ಕೇಳುವುದಿಲ್ಲ.

"ಇವರಿಗೆ ಭೇದನ ಇಲ್ಲಲ್ಲ" ಎಂದು ಮಾವ ಕಸಿವಿಸಿಗೊಂಡರು.

"ನಮ್ಮಲ್ಲಿ ಆಗಿದ್ರ ಇಷ್ಟೊತ್ತಿಗೆ ಮೂರು ಕೇಸ್ ಆಗಿರ್ತಿದ್ದವು" ಎಂದರು ಶೆಟ್ಟರು.

ಪಶುಪತಿಯ ಅರ್ಚಕರು ನಮ್ಮ ಕರಾವಳಿ ಕಡೆಯವರೆಂದು ತಿಳಿದು ಮಾವ ಎದೆಯುಬ್ಬಿಸಿದರು. "ನೋಡ್ರಿ ಶೆಟ್ರ, ನಿಮ್ಮ ಶಿವನ್ನ ನೋಡ್ಕೊಳ್ಳಿಕ್ಕೂ ನಮ್ಮ ಕಡೀ ಭಟ್ರ ಬೇಕಾತು." ಶೆಟ್ಟರು ಕೈಮುಗಿದು, "ಆಳು ಮನಶ್ಯಾ ಎಲ್ಲೀಂದ ಬಂದ್ರೇನ್ರಿ ಆಚಾರ್ರ, ಮಾಲಕ ನಮ್ಮಾವಲ್ಲ" ಎಂದರು.

ಮಧ್ಯಾಹ್ನ ಹೊಸ ಪೇಟೆಯಲ್ಲಿ ಶೆಟ್ಟರು ತಮ್ಮದನ್ನು ಕೊಂಡರು. ಕಪ್ಪು ಪಟ್ಟಿ, ಚೌಕ ಮುಖ, ನಾಲ್ಕು ಮೂಲೆಗೆ ನಾಲ್ಕು ಗುಂಡಿ. ಅಂಗಡಿಯವನು ಅಲ್ಲಿಯ ಸಮಯಕ್ಕೆ ಹೊಂದಿಸಿ ಕಟ್ಟಿಕೊಟ್ಟ. ಆ ಹೊತ್ತಿನಿಂದ ಶೆಟ್ಟರು ಯಾರು ಕೇಳಲಿ ಬಿಡಲಿ ಸಮಯ ಸಾರುತ್ತ ನಡೆದರು. ಸೆಕೆಂಡು ಸಮೇತ. ಬೀದಿಯಲ್ಲಿ ಒಂದು ಅಂಗಡಿಯ ಮುಂದೆ ಏನು ತೂಗುಹಾಕಿದ್ದಾರೆಂದು ನೋಡಿ, ಅದು ಕೋಣದ ತೊಡೆ ಎಂದು ಗೊತ್ತಾಗಿ, ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಾಗಲೂ ಶೆಟ್ಟರು, "ಮೂರು ಹನ್ನೆರಡು ನಲವತ್ತು" ಎಂದರು.

ನಾನು ಒಬ್ಬನೇ ಹಳೆಯ ಪೇಟೆಗೆ ಹೋದೆ. ಒಂದು ಓಣಿಯ ಒಳಗೆ, ಪಾರಿವಾಳಗಳಿಗೆ ಅಕ್ಕಿ ಹಾಕುತ್ತ ಕೂತಿದ್ದ ಮುದುಕನೊಬ್ಬನ ಅಂಗಡಿ. ಅವನು ಆ ಊರಿನ ಮೂಲ ನಿವಾಸಿಗಳಾದ ನೇವಾರಿಗಳಲ್ಲೊಬ್ಬ, ಬೌದ್ಧ. ಹಿಂದಿ ನನ್ನಷ್ಟೇ ಕೆಟ್ಟದಾಗಿ ಬರುತ್ತಿದ್ದರಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಚೆನ್ನಾಗಿ ಅರ್ಥವಾದೆವು. ಅವನು ಕೆಂಪು ಬಟ್ಟೆ ಬಿಚ್ಚಿ ಒಂದು ಚಿನ್ನದ ಬಣ್ಣದ ಕಿಸೆಗಡಿಯಾರ ತೆಗೆದ. ಮಗ್ಗುಲಲ್ಲಿದ್ದ ಹಲ್ಲಿನಂಥ ಒಂದು ಸಣ್ಣ ಕೀಲನ್ನು ಹಿಂದಕ್ಕೆ ಜಗ್ಗಿ ಬಿಟ್ಟ. ಅದು ಸಮಯವನ್ನು ಬಾರಿಸಿ ಹೇಳಿತು. ಮೊದಲು ದಪ್ಪ ದನಿಯಲ್ಲಿ ತಾಸುಗಳು, ಆಮೇಲೆ ಜೋಡಿ ದನಿಯಲ್ಲಿ ಕಾಲು ತಾಸುಗಳು, ಕೊನೆಗೆ ಸಣ್ಣ ದನಿಯಲ್ಲಿ ಒಂದೊಂದೇ ನಿಮಿಷ. ಕಣ್ಣು ಮುಚ್ಚಿಯೂ ಸಮಯ ನೋಡಬಹುದು. ದೀಪವಿಲ್ಲದ ಕಾಲಕ್ಕೆ ಮಾಡಿದ್ದು.

ಎಷ್ಟು ಎಂದು ಕೇಳಿದೆ. ಮುದುಕ ನನ್ನ ಸವಣೂರಿನ ಗಡಿಯಾರದ ಕಡೆ ಬೆರಳು ಮಾಡಿದ. ಅದಕ್ಕೆ ಇದು. ಆದರೆ ಈಗಲೇ ಅಲ್ಲವಂತೆ. ಹಳೆಯ ಗಡಿಯಾರವನ್ನು ಒಂದು ರಾತ್ರಿ ಜೊತೆಗೆ ಇಟ್ಟುಕೊಳ್ಳದೆ ಕೊಳ್ಳಬಾರದು ಎನ್ನುವುದು ಅವನ ಪದ್ಧತಿ. ನಾನು ಇದನ್ನು ಒಯ್ಯಬೇಕು, ನನ್ನದನ್ನು ಅವನ ಹತ್ತಿರ ಬಿಡಬೇಕು. ನಾಳೆಯೋ ನಾಡಿದ್ದೋ ಬಂದು ಯಾರ ಮನಸ್ಸು ಯಾವುದರ ಮೇಲಿದೆ ಎಂದು ಹೇಳಬೇಕು. ಹುಬ್ಬಳ್ಳಿಯಲ್ಲಿ ಛತ್ರಿ ಕೊಳ್ಳುವಾಗ ಬಿಚ್ಚಿ ನೋಡಲು ಸಹ ಬಿಡದ ಅಂಗಡಿಕಾರರನ್ನು ನೆನೆದು ನಾನು ದಂಗಾದೆ.

ನನ್ನದನ್ನು ಕೊಡುವ ಮೊದಲು ಅದನ್ನು ನೋಡಿಯೇ ಬಾರಿಸುವ ಗಡಿಯಾರದ ಮುಳ್ಳುಗಳನ್ನು ಹೊಂದಿಸಿದೆ. ಅಂದರೆ ಭಾರತದ ಸಮಯಕ್ಕೆ. ಸಂಗ್ರಹಕಾರನ ಕೈ ಅದು, ತಲೆಯನ್ನು ಕೇಳಿ ಮಾಡುವುದಿಲ್ಲ.

ಏಕಾದಶಿ

ಮರುದಿನ ಧರ್ಮಶಾಲೆಯ ಕೋಣೆಯಲ್ಲಿ ಮಾವ ಬೆಳಗಿನಿಂದ ಏನೂ ಮುಟ್ಟದೆ ಗೋಡೆಗೊರಗಿ ಕೂತಿದ್ದರು. ಸಂಜೆಗೆ ಧ್ವನಿ ಸಣ್ಣಗಾಗಿತ್ತು, ಲೆಕ್ಕ ಮಾತ್ರ ಗಟ್ಟಿಯಾಗಿತ್ತು.

"ನಾಳೆ ದ್ವಾದಶಿ ನಮ್ಮ ಗಡಿಯಾರದಾಗ ಆರು ಐವತ್ತೆಂಟರ ತನಕ. ಇಲ್ಲಿಯ ಗಡಿಯಾರದಾಗ ಹತ್ತು ಕೂಡಿಸ್ರಿ. ಏಳು ಎಂಟು. ಏಳು ಎಂಟರೊಳಗ ತುತ್ತು ಬಾಯಾಗ ಇರಬೇಕು. ಊರಾಗಿದ್ರ ಸೂರ್ಯ ಹುಟ್ಟಿ ಮೂರು ಮಿನಿಟದಾಗ ಉಣ್ಣಬೇಕಾಗ್ತಿತ್ತು. ಇಲ್ಲಿ ಸೂರ್ಯ ಪುಣ್ಯಾತ್ಮ, ಲಗೂ ಏಳ್ತಾನ. ಹತ್ತತ್ರ ಅರ್ಧ ತಾಸು ಸಿಗ್ತದ."

"ಸೂರ್ಯಾನೂ ಪರದೇಶಕ್ಕ ಬಂದ್ರ ಉದಾರಿ ಆಗ್ತಾನ" ಎಂದಳು ಅಕ್ಕ, ಪಾರಣೆಗೆಂದು ಹಿರೇಕೆರೂರಿನಿಂದ ಒಣಗಿಸಿ ತಂದ ಅಗಸೆ ಸೊಪ್ಪನ್ನು ನೀರಿಗೆ ಹಾಕುತ್ತ.

ಶೆಟ್ಟರು ಆಗ ಪಂದ್ಯ ಕಟ್ಟಿದರು. "ಮಾಸ್ತರ್ರ, ಹತ್ತು ವರ್ಷದ ಜಗಳಾ ನಾಳಿ ಮುಗಸೋಣು. ನನ್ನ ಮಷೀನಿಗೆ ಮುಂಜಾನಿ ಐದಕ್ಕ ಹಾಡು ಇಟ್ಟೇನಿ. ನಿಮ್ಮ ಮುದುಕಗ ನೀವು ಕೀಲಿ ಕೊಡ್ರಿ. ಆಚಾರ್ರನ್ನ ಯಾವುದು ಸರಿಯಾದ ಟೈಮಿಗೆ ಎಲಿ ಮುಂದ ಕೂಡ್ರಸ್ತೈತಿ, ಅದು ಗೆದ್ದಂಗ. ಸೋತಾವ ಗೆದ್ದಾವನ ಕಡೀದನ್ನ ಕೊಳ್ಳಬೇಕು."

"ನನ್ನ ಪುಣ್ಯಾ ಇಟ್ಟು ಜೂಜು ಆಡ್ಲಿಕತ್ತೀರೇನೋ ಮಂಗ್ಯಾಗಳ್ಯಾ" ಎಂದರು ಮಾವ. ಆದರೆ ಅವರ ಕಣ್ಣು ಬಾರಿಸುವ ಗಡಿಯಾರದ ಮೇಲಿತ್ತು. ಒಂದು ಸಲ ಹಲ್ಲು ಜಗ್ಗಿದರು. ಬಾರಿಸಿದ್ದನ್ನು ಬೆರಳಿನ ಗೆಣ್ಣುಗಳ ಮೇಲೆ ಜಪದಂತೆ ಎಣಿಸಿದರು. ಇನ್ನೊಂದು ಸಲ ಜಗ್ಗಿದರು. ಅಷ್ಟು ದೊಡ್ಡ ಪಂಡಿತರ ಮುಖ ಪೀಪಿ ಸಿಕ್ಕ ಕೂಸಿನ ಮುಖವಾಗಿತ್ತು. "ಇದು ನನ್ನ ತಲೆದಿಂಬಿನ ಕಡೆ ಇರಲಿ ರಾಘ್ಯಾ. ದೀಪ ಹಚ್ಚೂದು ಬ್ಯಾಡ, ಕಡ್ಡಿ ಗೀರೂದು ಬ್ಯಾಡ. ಭಾಳ ಮಡಿವಂತ ಗಡಿಯಾರ."

ನನಗೆ ಗೆದ್ದಷ್ಟು ಖುಷಿಯಾಯಿತು. ಮುಳ್ಳು ಯಾವ ದೇಶದ್ದೆಂದು ಹೇಳುವುದು ನೆನಪಿಗೇ ಬರಲಿಲ್ಲ. ಮಾವನೂ ಕೇಳಲಿಲ್ಲ. ಇಲ್ಲಿಯ ಅಂಗಡಿಯಿಂದ ಬಂದದ್ದು ಇಲ್ಲಿಯ ಸಮಯವನ್ನೇ ಹೇಳುತ್ತದೆ ಎಂದು ಯಾರಾದರೂ ತಿಳಿಯುವುದೇ.

ದ್ವಾದಶಿ

ಐದಕ್ಕೆ ಯಾವ ಹಾಡೂ ಕೇಳಲಿಲ್ಲ. ಪಕ್ಕದ ಕೋಣೆಯಲ್ಲಿ ಶೆಟ್ಟರ ಗೊರಕೆ ಮಾತ್ರ ಕೇಳುತ್ತಿತ್ತು. ಅಕ್ಕ ತನ್ನಷ್ಟಕ್ಕೆ ಎದ್ದು ಸ್ಟೋವು ಹಚ್ಚಿದ್ದಳು. ಮಾವ ಆ ಹಿಮದಂಥ ನೀರನ್ನು ಸುರಿದುಕೊಳ್ಳುತ್ತ ಮಂತ್ರ ಹೇಳುವುದು ಕೇಳಿ ನನಗೆ ರಗ್ಗಿನೊಳಗೇ ನಡುಕ ಬಂತು. ಗೆದ್ದೆ ಎಂದುಕೊಂಡು ಇನ್ನೊಂದು ಮಗ್ಗುಲಾದೆ. ಕಿಟಕಿಯಾಚೆ ಮಂಜು ಗೋಡೆಯಂತೆ ನಿಂತಿತ್ತು. ಆ ಲಗೂ ಏಳುವ ಪುಣ್ಯಾತ್ಮ ಸೂರ್ಯನ ಗುರುತೇ ಇರಲಿಲ್ಲ.

"ಮಾವ, ಅಡಿಗಿ ಆಗಿ ಎಷ್ಟೊತ್ತಾತು. ಎಲಿ ಹಾಕ್ಲ್ಯಾ?" ಅಕ್ಕನ ದನಿ.

ಮಾವ ಗಡಿಯಾರದ ಹಲ್ಲು ಜಗ್ಗಿದರು. ಆರು ದಪ್ಪ ದನಿ. ಮೂರು ಜೋಡಿ. ಒಂಬತ್ತು ಸಣ್ಣ ದನಿ. "ಆರು ಐವತ್ತನಾಲ್ಕು. ಏಳು ಎಂಟಕ್ಕ ಇನ್ನ ಹದಿನಾಲ್ಕು ಮಿನಿಟ ಅದ ಸುಭದ್ರಾ. ಯಾಕ ಅವಸರ? ದೇವರ ಮುಂದ ಇನ್ನೊಂದು ಅಷ್ಟೋತ್ತರ ಹೇಳಿ ಮುಗಸ್ತೀನಿ. ಪರದೇಶಕ್ಕ ಬಂದ ದೇವರಿಗೆ ಒಂದು ಹೆಚ್ಚಿಂದು ಆಗಲಿ."

ನಾನು ರಗ್ಗಿನೊಳಗೆ ಎಲ್ಲವನ್ನೂ ಕೇಳುತ್ತಿದ್ದೆ. ಎಣಿಸಲೂ ಎಣಿಸಿದೆ. ದನಿ ಎಷ್ಟು ಸ್ಪಷ್ಟ ಎಂದು ಮೆಚ್ಚಿದೆ.

ನೂರೆಂಟು ನಾಮ ನಿಧಾನವಾಗಿ ಮುಗಿದವು. ಮಾವ ಮತ್ತೆ ಹಲ್ಲು ಜಗ್ಗಿದರು. ಏಳು ದಪ್ಪ, ಮೂರು ಸಣ್ಣ. "ಏಳು ಮೂರು. ಹಾಕವಾ." ತೀರ್ಥ ತೆಗೆದುಕೊಂಡರು, ಅಗಸೆ ಸೊಪ್ಪು ಕಲಸಿದ ಮೊದಲ ತುತ್ತನ್ನು ಬಾಯಿಗಿಟ್ಟರು. ಒಂದೂವರೆ ದಿನ ಒಣಗಿದ ಗಂಟಲಿನಲ್ಲಿ ಅದು ಇಳಿಯುವುದನ್ನು ನಾನು ಎದ್ದು ಕೂತು ನೋಡಿದೆ.

ಆಗ ಬಾಗಿಲು ತೆಗೆದುಕೊಂಡು ಶೆಟ್ಟರು ಬಂದರು. ತಲೆಗೆ ಟವೆಲು ಸುತ್ತಿ, ಮುಖ ಊದಿಸಿಕೊಂಡು, ಕೈಯನ್ನು ಮುಂದೆ ಚಾಚಿಕೊಂಡೇ ಬಂದರು. "ಮಾಸ್ತರ್ರ, ಇದ್ಯಾಕೋ ಐದಕ್ಕ ಹಾಡಲಿಲ್ರಿ" ಎಂದು ಪಿಸುಗುಟ್ಟುತ್ತ ನನ್ನ ಮೂಗಿನ ಕೆಳಗೆ ಹಿಡಿದರು. ಅದರ ಮುಖದ ಮೇಲೆ ಏಳು ಹದಿನಾಲ್ಕು.

ಏಳು ಹದಿನಾಲ್ಕು ಎಂದರೆ ಏನೆಂದು ತಿಳಿಯಲು ಗಣಿತದ ಮಾಸ್ತರನಿಗೆ ಮೂರು ಉಸಿರು ಬೇಕಾದವು. ಬಾರಿಸುವ ಗಡಿಯಾರ ಹೇಳುತ್ತಿದ್ದದ್ದು ನಮ್ಮ ದೇಶದ ಸಮಯ. ಅದರ ಲೆಕ್ಕದಲ್ಲಿ ದ್ವಾದಶಿ ಆರು ಐವತ್ತೆಂಟಕ್ಕೇ ಮುಗಿದಿತ್ತು. ಮಾವ ಅದಕ್ಕೆ ಹತ್ತು ನಿಮಿಷ ಕೂಡಿಸಿಕೊಂಡು ಕಾದಿದ್ದರು. ಐವತ್ತನಾಲ್ಕು ವರ್ಷ ಕಾಪಾಡಿಕೊಂಡದ್ದು ಐದು ನಿಮಿಷದಲ್ಲಿ ತಪ್ಪಿಹೋಗಿತ್ತು. ಅಕ್ಕನ ಅಡುಗೆ ತಡವಾಗಿರಲಿಲ್ಲ, ಮಾವ ಮಲಗಿರಲಿಲ್ಲ. ನಾನೊಬ್ಬ ಒಂದು ಮಾತು ಹೇಳಿರಲಿಲ್ಲ.

ನನ್ನ ಮುಖದಲ್ಲಿ ಏನು ಕಂಡಿತೋ. ಶೆಟ್ಟರು ಎಲೆಯ ಕಡೆ ನೋಡಿದರು, ಬಾರಿಸುವ ಗಡಿಯಾರದ ಮುಳ್ಳುಗಳನ್ನು ನೋಡಿದರು, ತಮ್ಮ ಕೈ ನೋಡಿದರು. ವ್ಯಾಪಾರದವರ ಲೆಕ್ಕ ಮಾಸ್ತರರಿಗಿಂತ ಚುರುಕು. ಅವರಿಗೆ ತಿಳಿದುಹೋಯಿತು.

ಮಾವ ತುತ್ತು ನುಂಗಿ, ನಗುತ್ತ, ಗೆದ್ದವರ ಪಕ್ಷದ ದನಿಯಲ್ಲಿ ಕೇಳಿದರು: "ಏನ ಶೆಟ್ರ, ನಿಮ್ಮ ಮಷೀನು ಎಷ್ಟು ಹೇಳ್ತದ?"

ಶೆಟ್ಟರು ಹತ್ತು ವರ್ಷ ಕಾದ ಗಳಿಗೆ ಅದು. ಅವರ ಕೈಯಲ್ಲಿ ಸೆಕೆಂಡುಗಳು ಓಡುತ್ತಿದ್ದವು. ಅವರು ತೋಳನ್ನು ಮೆಲ್ಲಗೆ ಶಾಲಿನೊಳಗೆ ಎಳೆದುಕೊಂಡರು.

"ನಿಂತೈತ್ರಿ ಆಚಾರ್ರ."

"ನಿಂತದ?"

"ಥಂಡಿಗೆ ನಿಂತೈತ್ರಿ. ಸೋತ್ನಿ."

ಮಾವ ಎಲೆಯ ಮುಂದೆ ಮಾತಾಡುವುದಿಲ್ಲ ಎಂಬ ನೇಮವನ್ನೂ ಮರೆತು ನಕ್ಕರು. "ಥಂಡಿ ಹತ್ತೋ ಗಡಿಯಾರ! ಅದಕ್ಕೊಂದು ಕಂಬಳಿ ಹೊಲಸ್ರಿ ಶೆಟ್ರ!" ಶೆಟ್ಟರೂ ನಕ್ಕರು, ನೆಲ ನೋಡುತ್ತ. ನಾನು ನಗಲಿಲ್ಲ. ಅಕ್ಕ ಒಂದು ಸಲ ನನ್ನ ಮುಖ ನೋಡಿ, "ರಾಘೂ, ಯಾಕೋ ಬೆವತೀದಿ ಈ ಚಳ್ಯಾಗ?" ಎಂದಳು.

ಮಧ್ಯಾಹ್ನ ಹಳೆಯ ಪೇಟೆಗೆ ಹೋಗಿ ಬಾರಿಸುವ ಗಡಿಯಾರವನ್ನು ಮುದುಕನ ಕೈಗಿಟ್ಟೆ. ಏನು ದೋಷ ಎಂದು ಕೇಳಿದ. ಅದರಲ್ಲೇನೂ ಇಲ್ಲ ಎಂದೆ. ಅವನು ಮುಂದೆ ಕೇಳದೆ ನನ್ನ ಸವಣೂರಿನದನ್ನು ಕೊಟ್ಟ. ಅಲ್ಲಿಂದ ನೇರ ಹೊಸ ಪೇಟೆಗೆ ಹೋಗಿ ಶೆಟ್ಟರದೇ ನಮೂನೆಯ ಒಂದು ಡಿಜಿಟಲ್ ಕೊಂಡೆ. ಸೋತವನು ಗೆದ್ದವನ ಕಡೆಯದನ್ನು ಕೊಳ್ಳಬೇಕಲ್ಲ. ಆರು ತಿಂಗಳು ನಿದ್ದೆಗೆಡಿಸಿದ ಪ್ರಶ್ನೆ ಅರ್ಧ ತಾಸಿನಲ್ಲಿ ತೀರಿತು. ಕನಸಿನಲ್ಲಿ ಕಂಡಷ್ಟು ಚೆನ್ನಾಗಿರಲಿಲ್ಲ.

ಅದನ್ನು ನನ್ನ ಕೈಯಲ್ಲಿ ನೋಡಿ ಮಾವ ಹಣೆ ಬಡಿದುಕೊಂಡರು. "ಗೆದ್ದ ಕುದುರಿ ಬಿಟ್ಟು ಸೋತ ಕತ್ತಿ ಹೊಡ್ಕೊಂಡ ಬಂದ್ಯಲ್ಲೋ ಹುಚ್ಚಾ!" ಶೆಟ್ಟರು ಜಗಳ ತೆಗೆಯದೆ, ನನ್ನ ಕೈ ಹಿಡಿದು ಅದರ ಪಟ್ಟಿಯನ್ನು ಸರಿಯಾಗಿ ಕಟ್ಟಿದರು. ಹತ್ತು ವರ್ಷದಲ್ಲಿ ಮೊದಲ ಸಲ.

ಮತ್ತೆ ರಕ್ಸೌಲ್

ಮರುದಿನ ಇಡೀ ದಿನ ಬಸ್ಸಿನಲ್ಲಿ ಬೆಟ್ಟ ಇಳಿದು ಸಂಜೆಗೆ ಗಡಿ ಮುಟ್ಟಿದೆವು. ನಮ್ಮ ದೇಶದ ಕಸ್ಟಮ್ಸಿನವರು ಗಂಟು ಬಿಚ್ಚಿಸುತ್ತಿದ್ದರು. ಸಾಲಿನಲ್ಲಿ ನಿಂತ ಯಾತ್ರಿಕರೆಲ್ಲ ಉದ್ದ ತೋಳು ಇಳಿಬಿಟ್ಟು, ಕೈ ಮೇಲೆತ್ತದೆ, ಭಕ್ತಿಯಿಂದ ನೆಲ ನೋಡುತ್ತಿದ್ದರು. ಅಕ್ಕನ ಮಡಿಗಂಟಿನ ಸರದಿ ಬಂದಾಗ ಅವಳು, "ಮುಟ್ಟಬ್ಯಾಡ್ರಿ, ಮಡಿ ಅದ, ದೇವರವ" ಎಂದು ಕನ್ನಡದಲ್ಲೇ ಗದರಿಸಿದಳು. ಅಧಿಕಾರಿ ಅರ್ಥವಾಗದೆಯೂ ಹಿಂದೆ ಸರಿದ.

ಆ ಹೊತ್ತಿಗೆ ಸರಿಯಾಗಿ ಮಡಿಗಂಟು ಹಾಡತೊಡಗಿತು.

ಕೀಂ ಕೀಂ ಎಂದು ಒಂದು ವಿಲಾಯತಿ ಮಟ್ಟು. ಮಾವ ಕಾಠಮಂಡುವಿನಲ್ಲಿ ಸಂಪಾದಿಸಿದ ಸಾಲಿಗ್ರಾಮದ ಸಂಪುಟದ ಪಕ್ಕದಿಂದಲೇ. ಶೆಟ್ಟರು ಮುಂಜಾನೆ ಐದರ ಬದಲು ಸಂಜೆ ಐದಕ್ಕೆ ಹಾಡು ಇಟ್ಟಿದ್ದರು, ಹಿಂದಿನ ಸಂಜೆ ಪೇಟೆಯ ಗದ್ದಲದಲ್ಲಿ ಅದು ಅವರಿಗೆ ಕೇಳಿರಲಿಲ್ಲ, ಮತ್ತು ಅಕ್ಕನಿಗೂ ಹೇಳದೆ ತಮ್ಮ ಗಡಿಯಾರವನ್ನು ಅಲ್ಲಿ ಬಚ್ಚಿಟ್ಟಿದ್ದರು. ಅಧಿಕಾರಿ ಅದನ್ನು ಹೊರತೆಗೆದು, ಇದೊಂದೇ ತಾನೇ ಎಂದು ಕೇಳಿ, ಒಬ್ಬರಿಗೆ ಒಂದು ಒಯ್ಯಬಹುದಲ್ಲ, ಮುಚ್ಚಿಟ್ಟದ್ದೇಕೆ ಎಂದ. ಕಾಯಿದೆಯಂತೆ ತರಬಹುದಾದದ್ದನ್ನೂ ಕದ್ದು ತರದಿದ್ದರೆ ನಮ್ಮ ಜನಕ್ಕೆ ಪರದೇಶಕ್ಕೆ ಹೋಗಿಬಂದ ಸಮಾಧಾನವಿಲ್ಲ.

"ನನ್ನ ಮಡಿಯೊಳಗ ತೊಗಲಿನ ಪಟ್ಟಿ ತುರುಕೀರೇನ್ರಿ ಶೆಟ್ರ!" ಎಂದು ಅಕ್ಕ ಕೂಗಾಡಿದಳು.

"ಪಲಾಸ್ಟಿಕ್ ಐತ್ರೀ ಅಕ್ಕಾರ, ಪಲಾಸ್ಟಿಕ್!"

ಮಾವ ಮಾತ್ರ ಹುಬ್ಬು ಗಂಟಿಕ್ಕಿದ್ದರು. "ಅಲ್ರೀ, ನಿಂತದ ಅಂದಿದ್ರಿ. ಸತ್ತದ್ದು ಹೆಂಗ ಹಾಡ್ತದ?"

ಶೆಟ್ಟರು ಕಣ್ಣು ಮಿಟುಕಿಸಲಿಲ್ಲ. "ಬಯಲಿಗೆ ಇಳದ್ವೆಲ್ರಿ ಆಚಾರ್ರ. ಬಿಸಲಿಗೆ ಜೀವಾ ಬಂತು."

ಹಾನಗಲ್ಲು, ಶಿಗ್ಗಾಂವಿ

ಒಂದು ವರ್ಷ ಮಾವ ಈ ಕತೆಯನ್ನು ಸವಣೂರು, ಹಾನಗಲ್ಲು, ಹಿರೇಕೆರೂರು, ಹೋದ ಮುಂಜಿ ಮದುವೆಗಳಲ್ಲೆಲ್ಲ ಹೇಳಿದರು. ಪರದೇಶದ ಮಂಜಿನಲ್ಲಿ ಹಳೆಯ ಗಡಿಯಾರ ತಮ್ಮ ಪಾರಣೆ ಕಾಯ್ದದ್ದು, ಹೊಸದು ಥಂಡಿಗೆ ಸತ್ತು ಬಿಸಿಲಿಗೆ ಎದ್ದದ್ದು. ಹೇಳುತ್ತ ಹೇಳುತ್ತ ಅದಕ್ಕೆ ಕಾಲು ಬಾಲ ಬಂದವು. ಶಿಗ್ಗಾಂವಿಯ ಪೇಟೆಯಲ್ಲಿ ಹಮಾಲರು ಕೂಡ ರುದ್ರಪ್ಪ ಶೆಟ್ಟರನ್ನು ಬೆನ್ನ ಹಿಂದೆ ಥಂಡಿ ಶೆಟ್ಟರು ಎನ್ನತೊಡಗಿದರು. ನಾನು ಅವರ ಅಂಗಡಿಯಲ್ಲಿ ಬಸ್ಸಿಗೆ ಕಾಯುವಾಗ ಅವರು ಮಳೆ, ಧಾರಣೆ, ರಸ್ತೆ ಎಲ್ಲವನ್ನೂ ಮಾತಾಡುತ್ತಿದ್ದರು. ಗಡಿಯಾರದ ಮಾತು ಎತ್ತುತ್ತಿರಲಿಲ್ಲ.

ಮರುವರ್ಷದ ಮಾಘದಲ್ಲಿ ಮಾವ ನಮ್ಮ ಮನೆಗೆ ಬಂದಿದ್ದರು. ಊಟವಾದ ಮೇಲೆ ನೆರೆಯವರನ್ನು ಕೂಡಿಸಿಕೊಂಡು ಕತೆ ಶುರು ಮಾಡಿದರು. ಥಂಡಿ ಶೆಟ್ಟರ ಮಾತಿಗೆ ಬಂದಾಗ ಎಲ್ಲರೂ ನಕ್ಕರು. ನನಗೆ ತಡೆಯಲಾಗಲಿಲ್ಲ. ನೆರೆಯವರು ಹೋದ ಮೇಲೆ ಹೇಳಿಬಿಟ್ಟೆ. ಮುಳ್ಳು ನಮ್ಮ ದೇಶದ್ದಿತ್ತು ಎಂದೆ.

ಮಾವ ಕನ್ನಡಕ ತೆಗೆದು ಶಾಲಿನ ಅಂಚಿನಿಂದ ಒರೆಸಿದರು. ಆಮೇಲೆ ಕೇಳಿದರು, "ಎಷ್ಟು ತಪ್ಪಿತ್ತು?"

"ಐದು ಮಿನಿಟ."

"ಶೆಟ್ರಿಗೆ ಗೊತ್ತಿತ್ತು?"

"ಆವಾಗನ ಗೊತ್ತಾಗಿತ್ತು ಮಾವ. ಅವರ ಗಡಿಯಾರ ನಿಂತಿರಲಿಲ್ಲ."

ಮಾವ ಶಾಲು ಸರಿಮಾಡಿಕೊಂಡರು. "ಐದು ಮಿನಿಟ ಗಡಿಯಾರದ್ದು. ಮಂದಿ ಶೆಟ್ರನ್ನ ನಕ್ಕ ಈ ಒಂದು ವರ್ಷ ನಿಂದು" ಎಂದರು.

ಮರುದಿನ ಏಕಾದಶಿಯಲ್ಲ. ಆದರೂ ಮಾವ ಮುಂಜಾನೆ ನೀರು ಮುಟ್ಟಲಿಲ್ಲ. ಸ್ನಾನ ಮಾಡಿ ಶಿಗ್ಗಾಂವಿಯ ಬಸ್ಸು ಹತ್ತಿದರು. ನಾನೂ ರಜೆ ಬರೆದುಕೊಟ್ಟು ಬೆನ್ನು ಹತ್ತಿದೆ. ಶೆಟ್ಟರ ಅಂಗಡಿಯಲ್ಲಿ ಹಮಾಲರು ಜೋಳದ ಚೀಲ ಇಳಿಸುತ್ತಿದ್ದರು. ಮಾವ ಒಳಗೆ ಹೋಗಿ, ಅವರೆಲ್ಲರ ಎದುರಿಗೆ ಶೆಟ್ಟರಿಗೆ ಕೈಮುಗಿದರು. ಶೆಟ್ಟರು ಗಾಬರಿಯಾಗಿ ಗಾದಿಯಿಂದ ಇಳಿದರು. "ಏನ್ರಿ ಇದು ಆಚಾರ್ರ, ಬಿಡ್ರಿ, ಬಿಡ್ರಿ" ಎನ್ನುತ್ತ ಅವರನ್ನು ಕೂಡಿಸಿ, ಬಾಳೆಹಣ್ಣು ತರಿಸಿದರು. ಮಾವ ಹಣ್ಣು ಮುಟ್ಟಲಿಲ್ಲ. ಇವತ್ತು ಪ್ರಾಯಶ್ಚಿತ್ತದ ಉಪವಾಸ ಎಂದರು. ಶೆಟ್ಟರು ನನ್ನ ಕಡೆ ನೋಡಿದರು. ನನಗೂ ಎಂದೆ.

ಶೆಟ್ಟರು ಮನೆಗೆ ಹೇಳಿಕಳಿಸಿದರು, ಮಧ್ಯಾಹ್ನ ಬುತ್ತಿ ಕಳಿಸಬೇಡಿರಿ ಎಂದು. ಸಂಜೆ ಬಸ್ಸು ಬರುವ ತನಕ ಮೂವರೂ ಜೋಳದ ಚೀಲಗಳ ಮೇಲೆ ಏನೂ ತಿನ್ನದೆ ಕೂತಿದ್ದೆವು.